ಬಿಟ್ಟ ಸ್ಥಳ ತುಂಬಿ: ಕಷ್ಟದ ಇಂಗ್ಲಿಷ್ ಪದಗಳಿಗೆ ಪುಸ್ತಕವೋ, ಆ್ಯಪೋ, ಕೋಚಿಂಗೋ?

ಹೋದ ತಿಂಗಳು ಒಂದೇ ವಾರದಲ್ಲಿ ಇಬ್ಬರು ಒಂದೇ ಪ್ರಶ್ನೆ ಕೇಳಿದರು. ಒಬ್ಬಳು ಅಕ್ಕನ ಮಗಳು. ಇಲ್ಲೇ ತುಮಕೂರಿನಲ್ಲಿ ಎಂಜಿನಿಯರಿಂಗ್ ಮುಗಿಸುತ್ತಿದ್ದಾಳೆ, ಹೊರದೇಶದಲ್ಲಿ ಮುಂದೆ ಓದಲು ಜಿಆರ್‌ಇ ಅನ್ನುವ ಪರೀಕ್ಷೆ ಬರೆಯಬೇಕು. ಇನ್ನೊಬ್ಬ ಪಕ್ಕದ ಮನೆಯಲ್ಲಿ ಬಾಡಿಗೆಗಿರುವ ಹುಡುಗ. ಗುಬ್ಬಿ ಕಡೆಯವನು, ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ, ಈಗ ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದಾನೆ. ಇಬ್ಬರದೂ ಒಂದೇ ಗೋಳು. ವಾಕ್ಯದಲ್ಲಿ ಖಾಲಿ ಬಿಟ್ಟ ಜಾಗಕ್ಕೆ ಸರಿಯಾದ ಪದ ಆರಿಸುವ ಪ್ರಶ್ನೆಗಳು ಕೈ ಕೊಡುತ್ತಿವೆ. ಅಭ್ಯಾಸಕ್ಕೆ ಏನು ತಗೊಳ್ಳಲಿ, ಪುಸ್ತಕಾನಾ, ಆ್ಯಪಾ, ಕೋಚಿಂಗಾ?

ನನ್ನನ್ನೇ ಕೇಳಿದ್ದಕ್ಕೆ ಕಾರಣ ಇದೆ. ಈ ಪ್ರಶ್ನೆಗಳ ಜೊತೆ ನನ್ನದು ಹಳೇ ಜಗಳ. ಕೆಲಸ ಸಿಗುವ ಮೊದಲು ಎರಡು ವರ್ಷ ಬ್ಯಾಂಕ್ ಪರೀಕ್ಷೆಗಳ ಹಿಂದೆ ಬಿದ್ದಿದ್ದೆ. ಆಮೇಲೆ ಹೊರದೇಶದ ಆಸೆ ಹತ್ತಿ ಜಿಆರ್‌ಇ ಕೂಡ ಬರೆದೆ. ಹೊರದೇಶ ಆಗಲಿಲ್ಲ, ಪದಗಳು ಮಾತ್ರ ಉಳಿದವು. ಈಗ ದಿನಾ ತುಮಕೂರಿನಿಂದ ಯಶವಂತಪುರಕ್ಕೆ ರೈಲಿನಲ್ಲಿ ಓಡಾಡುತ್ತೇನೆ. ಸೀಟು ಸಿಕ್ಕರೆ ಈಗಲೂ ಫೋನಿನಲ್ಲಿ ಹತ್ತು ಹದಿನೈದು ಪದದ ಕಾರ್ಡ್ ತಿರುವುತ್ತೇನೆ. ಚಟ ಅಷ್ಟೆ. ಆ ಇಬ್ಬರಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆದಿದ್ದೇನೆ. ಇಂಗ್ಲಿಷ್ ವಾಕ್ಯಗಳೂ ಕನ್ನಡ ಅಕ್ಷರದಲ್ಲೇ ಇವೆ, ಬಾಯಿಬಿಟ್ಟು ಓದಿಕೊಳ್ಳಿ.

ಔಷಧಿಗೆ ಮೊದಲು ರೋಗ

"ಕೈ ಕೆಸರಾದರೆ ಬಾಯಿ..." ಅಂತ ಶುರು ಮಾಡಿದರೆ ಸಾಕು, ಮೂರನೇ ಕ್ಲಾಸಿನ ಮಗುವೂ "ಮೊಸರು" ಅನ್ನುತ್ತದೆ. ನಾಲ್ಕು ಆಯ್ಕೆ ಕೊಡುವುದೇ ಬೇಡ. ವಾಕ್ಯವೇ ಪದವನ್ನು ಎಳೆದು ತರುತ್ತದೆ. ಚೆನ್ನಾಗಿ ಬರೆದ ಇಂಗ್ಲಿಷ್ ಪ್ರಶ್ನೆಯೂ ಹಾಗೇ ಇರುತ್ತದೆ. ತೊಂದರೆ ಏನೆಂದರೆ, ನಾವು ವಾಕ್ಯ ಪೂರ್ತಿ ಓದುವ ಮೊದಲೇ ಕೆಳಗಿನ ಆಯ್ಕೆಗಳಿಗೆ ಹಾರುತ್ತೇವೆ. ಅಲ್ಲಿ ಗೊತ್ತಿರುವ ಪದ ಕಂಡರೆ ಖುಷಿಯಾಗಿ ಅದನ್ನೇ ಒತ್ತುತ್ತೇವೆ.

ಒಂದು ವಾಕ್ಯ ನೋಡಿ, ನಾನೇ ಕಟ್ಟಿದ್ದು. "ಆಲ್ದೋ ಮೈ ಗ್ರ್ಯಾಂಡ್‌ಫಾದರ್ ವಾಸ್ ____ ಬೈ ನೇಚರ್, ಹಿ ಟಾಕ್ಡ್ ಫಾರ್ ಟೂ ಅವರ್ಸ್ ಅಬೌಟ್ ಹಿಸ್ ಕೋಕನಟ್ ಟ್ರೀಸ್." ಆಯ್ಕೆಗಳು: ಗ್ಯಾರುಲಸ್, ಎಲೊಕ್ವೆಂಟ್, ಟ್ಯಾಸಿಟರ್ನ್, ಫ್ರೂಗಲ್, ಡಿಲಿಜೆಂಟ್. ಹುಡುಗ ತಕ್ಷಣ "ಎಲೊಕ್ವೆಂಟ್" ಅಂದ. ಎರಡು ಗಂಟೆ ಮಾತಾಡಿದರು ಅಂದಮೇಲೆ ವಾಗ್ಮಿ ಇರಬೇಕು ಅಂತ ಅವನ ಲೆಕ್ಕ. ನಾನು ಆಯ್ಕೆಗಳನ್ನು ಕೈಯಿಂದ ಮುಚ್ಚಿ, "ಖಾಲಿ ಜಾಗಕ್ಕೆ ಒಂದು ಕನ್ನಡ ಪದ ಹಾಕು" ಅಂದೆ. ಮತ್ತೆ ಓದಿದ. "ಆಲ್ದೋ" ಹತ್ತಿರ ನಿಂತ. "ಆದರೂ ಅಂದರೆ ಉಲ್ಟಾ ಅಲ್ವಾ... ಮಾತು ಕಡಿಮೆ?" ಅಂದ. ಸರಿ. ಈಗ ಕೈ ತೆಗೆದರೆ ಉಳಿದ ಪ್ರಶ್ನೆ ಒಂದೇ. ಮಾತು ಕಡಿಮೆ ಇರುವವನಿಗೆ ಇಂಗ್ಲಿಷಿನಲ್ಲಿ ಏನಂತಾರೆ? ಟ್ಯಾಸಿಟರ್ನ್.

ಇದು ಎರಡು ಮೆಟ್ಟಿಲಿನ ಕೆಲಸ. ಮೊದಲ ಮೆಟ್ಟಿಲು ವಾಕ್ಯದಿಂದ ನಿಮ್ಮ ಕನ್ನಡ ಪದಕ್ಕೆ. ಎರಡನೇದು ಕನ್ನಡ ಪದದಿಂದ ಇಂಗ್ಲಿಷ್ ಪದಕ್ಕೆ. ಯಾವ ಮೆಟ್ಟಿಲಲ್ಲಿ ಕಾಲು ಜಾರುತ್ತಿದೆ ಅಂತ ಗೊತ್ತಾಗದೆ ಪುಸ್ತಕ ಕೊಳ್ಳಬೇಡಿ, ಫೀಸೂ ಕಟ್ಟಬೇಡಿ. 20 ಪ್ರಶ್ನೆ ತಗೊಳ್ಳಿ. ಆಯ್ಕೆಗಳನ್ನು ರಟ್ಟಿನಿಂದ ಮುಚ್ಚಿ. ಪ್ರತಿ ಖಾಲಿ ಜಾಗಕ್ಕೂ ಕನ್ನಡದಲ್ಲಿ ಒಂದು ಪದ ಬರೆಯಿರಿ. "ಒಳ್ಳೇದು", "ಕೆಟ್ಟದ್ದು", "ಜಾಸ್ತಿ ಆಯ್ತು" ಅಂತ ಬರೆದರೂ ನಡೆಯುತ್ತದೆ. ಆಮೇಲೆ ಆಯ್ಕೆ ನೋಡಿ ಉತ್ತರ ಹಾಕಿ, ಕೀ ಜೊತೆ ಹೋಲಿಸಿ.

ಕನ್ನಡ ಪದವೇ ತಪ್ಪಿದ್ದರೆ ನಿಮಗೆ ಪದದ ಕೊರತೆ ಇಲ್ಲ, ವಾಕ್ಯ ಓದುವುದರಲ್ಲಿ ಎಡವಟ್ಟಿದೆ. ಸಾವಿರ ಪದ ಬಾಯಿಪಾಠ ಮಾಡಿದರೂ ಇದು ಹೋಗುವುದಿಲ್ಲ. ಕನ್ನಡ ಪದ ಸರಿ ಇದ್ದು ಇಂಗ್ಲಿಷ್ ಪದ ಗೊತ್ತಿಲ್ಲದಿದ್ದರೆ ಅದು ನಿಜವಾದ ಪದದ ಕೊರತೆ. ಇನ್ನೊಂದು ಮೂರನೇ ರೋಗ ಇದೆ. ಎರಡೂ ಪದ ಗೊತ್ತು, ಆದರೂ ಹತ್ತಿರದ ಎರಡರಲ್ಲಿ ತಪ್ಪಾದದ್ದನ್ನು ಹಾಕುವುದು. ನಾವು "ಗಟ್ಟಿ ಕಾಫಿ" ಅಂತೀವಿ, "ಜೋರು ಮಳೆ" ಅಂತೀವಿ. "ಜೋರು ಕಾಫಿ, ಗಟ್ಟಿ ಮಳೆ" ಅಂದರೆ ಯಾರಾದರೂ ನಗುತ್ತಾರೆ. ಅವರದ್ದು "ಸ್ಟ್ರಾಂಗ್ ಕಾಫಿ, ಹೆವಿ ರೇನ್". ಯಾವ ಪದದ ಪಕ್ಕ ಯಾವುದು ಕೂರುತ್ತದೆ ಅನ್ನುವುದು ನಿಘಂಟಿನ ಅರ್ಥದಲ್ಲಿ ಸಿಗುವುದಿಲ್ಲ.

ಹುಡುಗನಿಗೆ ಇದ್ದದ್ದು ಮೊದಲನೇ ರೋಗ. ಅಕ್ಕನ ಮಗಳಿಗೆ ಎರಡನೇದೂ ಮೂರನೇದೂ. ಇಬ್ಬರಿಗೂ ಒಂದೇ ಪುಸ್ತಕ ಹೇಳಿದ್ದರೆ ಒಬ್ಬರ ದುಡ್ಡಂತೂ ದಂಡ ಆಗುತ್ತಿತ್ತು.

ನಿಮ್ಮ ಪರೀಕ್ಷೆ ಯಾವುದು?

ಬೇಗ ಹೇಳಿ ಮುಗಿಸುತ್ತೇನೆ. ಜಿಆರ್‌ಇಯಲ್ಲಿ ಎರಡು ಬಗೆ. ಟೆಕ್ಸ್ಟ್ ಕಂಪ್ಲೀಶನ್‌ನಲ್ಲಿ ಒಂದು, ಎರಡು ಅಥವಾ ಮೂರು ಖಾಲಿ ಜಾಗ. ಮೂರರಲ್ಲಿ ಎರಡು ಸರಿಯಾದರೂ ಸೊನ್ನೆಯೇ. ಸೆಂಟೆನ್ಸ್ ಈಕ್ವಿವಲೆನ್ಸ್‌ನಲ್ಲಿ ಒಂದೇ ಖಾಲಿ ಜಾಗಕ್ಕೆ ಆರು ಆಯ್ಕೆ, ಅದರಲ್ಲಿ ಒಂದೇ ಅರ್ಥ ಬರುವ ಎರಡನ್ನು ಆರಿಸಬೇಕು. ನೆಗೆಟಿವ್ ಮಾರ್ಕ್ ಇಲ್ಲ. ಹಾಗಾಗಿ ಗೊತ್ತಿಲ್ಲದಿದ್ದರೂ ಏನಾದರೂ ಒತ್ತಿ ಬನ್ನಿ. ಬ್ಯಾಂಕ್ ಪರೀಕ್ಷೆಯಲ್ಲಿ ತಪ್ಪಿಗೆ ಕಾಲು ಅಂಕ ಹೋಗುತ್ತದೆ. ಕೇಂದ್ರ ಸರ್ಕಾರಿ ಕೆಲಸಗಳಿಗೆ ನಡೆಯುವ ಎಸ್‌ಎಸ್‌ಸಿ ಸಿಜಿಎಲ್ ಪರೀಕ್ಷೆಯ ಮೊದಲ ಹಂತದಲ್ಲಿ ಎರಡು ಅಂಕದ ಪ್ರಶ್ನೆ ತಪ್ಪಾದರೆ ಅರ್ಧ ಅಂಕ. ಅಲ್ಲಿ ಬಿಡುವುದನ್ನೂ ಅಭ್ಯಾಸ ಮಾಡಬೇಕು. ಹೊರದೇಶಕ್ಕೆ ಹೋಗುವವರ ಇಂಗ್ಲಿಷ್ ಅಳೆಯುವ ಐಇಎಲ್‌ಟಿಎಸ್‌ನ ಓದುವ ಪರೀಕ್ಷೆಯಲ್ಲೂ ಸೆಂಟೆನ್ಸ್ ಕಂಪ್ಲೀಶನ್ ಅನ್ನುವ ಹೆಸರಿದೆ, ಆದರೆ ಅದು ಬೇರೆಯದೇ ಆಟ. ಪದವನ್ನು ಕೊಟ್ಟ ಪ್ಯಾಸೇಜಿನಿಂದಲೇ ಎತ್ತಿ ಬರೆಯಬೇಕು, ಸ್ಪೆಲಿಂಗ್ ತಪ್ಪಿದರೆ ಅಂಕ ಇಲ್ಲ. ಅದಕ್ಕೆ ಈ ಲೇಖನದ ಅರ್ಧ ಭಾಗ ಬೇಕಾಗಿಯೇ ಇಲ್ಲ.

ಬ್ಯಾಂಕ್‌ನವರ "ಕ್ಲೋಜ್ ಟೆಸ್ಟ್", ಅಂದರೆ ಪ್ಯಾಸೇಜಿನಲ್ಲಿ ಅಲ್ಲಲ್ಲಿ ಬಿಟ್ಟ ಪದ ತುಂಬುವ ಪ್ರಶ್ನೆ, ಅದರ ಬಗ್ಗೆ ಒಂದು ಮಾತು. ಅದು ಮುಚ್ಚುವ ಕ್ಲೋಸ್ ಅಂತ ನಾನೂ ಬಹಳ ದಿನ ಅಂದುಕೊಂಡಿದ್ದೆ. 1953ರಲ್ಲಿ ಅಮೆರಿಕದ ವಿಲ್ಸನ್ ಟೇಲರ್ "ಕ್ಲೋಜರ್" ಅನ್ನುವ ಪದದಿಂದ ಆ ಹೆಸರನ್ನು ಕಡೆದು ಇಟ್ಟರು. ಅರ್ಧ ಕಂಡ ಚಿತ್ರವನ್ನು ಮನಸ್ಸು ತಾನೇ ಪೂರ್ತಿ ಮಾಡಿಕೊಳ್ಳುವ ಗುಣ ಅದು. ಒಂದು ಬರಹ ಓದಲು ಎಷ್ಟು ಸುಲಭ ಅಂತ ಅಳೆಯಲು ಅವರು ಪದಗಳನ್ನು ಅಳಿಸಿ ಓದುಗರ ಕೈಲಿ ತುಂಬಿಸಿದರು. ಅಳೆಯಬೇಕಿದ್ದದ್ದು ಓದು. ಇಂದಿಗೂ ಅದು ಅಳೆಯುವುದು ಜಾಸ್ತಿ ಅದನ್ನೇ.

ಹಳೇ ಪ್ರಶ್ನೆಪತ್ರಿಕೆ ಮತ್ತು ದಪ್ಪ ಪುಸ್ತಕ

ಮೊದಲ ರೋಗದವರಿಗೆ ನನ್ನ ಓಟು ಪೂರ್ತಿ ಹಳೇ ಪ್ರಶ್ನೆಗಳಿಗೆ. ಪರೀಕ್ಷೆ ನಡೆಸುವವರು ಬರೆದ ವಾಕ್ಯದಲ್ಲಿ ಸುಳಿವು ಖಂಡಿತ ಇರುತ್ತದೆ, ಎರಡನೇ ಉತ್ತರಕ್ಕೆ ಜಾಗ ಇರುವುದಿಲ್ಲ. ಜಿಆರ್‌ಇಗೆ, ಅದನ್ನು ನಡೆಸುವ ಇಟಿಎಸ್‌ನವರೇ ಪವರ್‌ಪ್ರೆಪ್ ಅನ್ನುವ ಮಾದರಿ ಪರೀಕ್ಷೆ ಉಚಿತವಾಗಿ ಕೊಡುತ್ತಾರೆ. ಅದನ್ನು ಮೊದಲ ವಾರವೇ ಬರೆದು ಹಾಳು ಮಾಡಿಕೊಳ್ಳಬೇಡಿ. ಇಂಥ ಪ್ರಶ್ನೆಗಳು ಕಡಿಮೆ ಇರುತ್ತವೆ, ದಿನಕ್ಕೆ 50 ಮಾಡಿ ಮುಗಿಸುವ ಸರಕಲ್ಲ. ದಿನಕ್ಕೆ ಎಂಟು ಸಾಕು. ಆದರೆ ಪ್ರತಿ ತಪ್ಪು ಆಯ್ಕೆಯೂ ಯಾಕೆ ತಪ್ಪು ಅಂತ ಬಾಯಿಬಿಟ್ಟು ಹೇಳಬೇಕು.

ದಪ್ಪ ಪುಸ್ತಕಗಳಲ್ಲಿ ಒಳ್ಳೇದೂ ಇವೆ, ಸುಮ್ನೆ ತೂಕಕ್ಕೆ ಇರುವವೂ ಇವೆ. ಅಂಗಡಿಯಲ್ಲೇ ನಿಂತು ಪರೀಕ್ಷೆ ಮಾಡಿ. ಯಾವುದಾದರೂ ಪುಟ ತೆರೆದು ಐದು ವಾಕ್ಯ ಓದಿ, ಆಯ್ಕೆ ಮುಚ್ಚಿ ಕನ್ನಡ ಪದ ಯೋಚಿಸಿ. ಐದರಲ್ಲಿ ಮೂರಕ್ಕೆ ಯಾವ ಪದ ಹಾಕಿದರೂ ನಡೆಯುತ್ತದೆ ಅನ್ನಿಸಿದರೆ ಪುಸ್ತಕ ವಾಪಸ್ ಇಡಿ. "ಹಿ ಈಸ್ ಎ ವೆರಿ ____ ಮ್ಯಾನ್" ಅನ್ನುವ ವಾಕ್ಯದಲ್ಲಿ ಸುಳಿವೇ ಇಲ್ಲ. ಅಲ್ಲಿ ಪದ ಗೊತ್ತಿದ್ದವನೂ ಜೂಜಾಡಬೇಕು.

ಬೆಂಗಳೂರಿಗೆ ಹೋದಾಗ ಅವೆನ್ಯೂ ರಸ್ತೆಯಲ್ಲಿ ಸೆಕೆಂಡ್ ಹ್ಯಾಂಡ್ ಹುಡುಕುವವರಿಗೆ ಒಂದು ಗುರುತು. ಜಿಆರ್‌ಇ ಪುಸ್ತಕದಲ್ಲಿ ಆ್ಯಂಟನಿಮ್, ಅನಾಲಜಿ ಅಧ್ಯಾಯಗಳಿದ್ದರೆ ಅದು 2011ಕ್ಕಿಂತ ಹಿಂದಿನ ಮಾದರಿ, ಬಿಟ್ಟುಬಿಡಿ. 2023ರ ಸೆಪ್ಟೆಂಬರ್‌ನಲ್ಲಿ ಪರೀಕ್ಷೆ ಚಿಕ್ಕದಾಯಿತು. ಇಂಗ್ಲಿಷ್ ಭಾಗವಾದ ವರ್ಬಲ್‌ನಲ್ಲಿ ಈಗ 27 ಪ್ರಶ್ನೆಗಳಷ್ಟೆ. ಆದರೆ ಪ್ರಶ್ನೆಯ ಬಗೆ ಬದಲಾಗಿಲ್ಲ, ಹಾಗಾಗಿ 2012ರಿಂದ 2023ರ ನಡುವಿನ ಪುಸ್ತಕಗಳನ್ನು ಧೈರ್ಯವಾಗಿ ತಗೊಳ್ಳಬಹುದು. ಇನ್ನು ಅಮೆರಿಕದ ಕಾಲೇಜು ಸೇರಲು ಬರೆಯುವ ಎಸ್‌ಎಟಿ. ಅದರಲ್ಲಿದ್ದ ಹಳೇ ಸೆಂಟೆನ್ಸ್ ಕಂಪ್ಲೀಶನ್ ಭಾಗವನ್ನು 2016ರಲ್ಲಿ ತೆಗೆದರು. ಹಾಗಾಗಿ ಅದಕ್ಕೂ ಮುಂಚಿನ ಪುಸ್ತಕಗಳನ್ನು ಯಾರೂ ಮೂಸುವುದಿಲ್ಲ. ಬ್ಯಾಂಕ್ ಹುಡುಗರಿಗೆ ಅವು ಚಿನ್ನ. ವಾಕ್ಯಗಳು ಗಟ್ಟಿಯಾಗಿವೆ, ಪದಗಳು ಜಿಆರ್‌ಇಯಷ್ಟು ಒರಟಾಗಿಲ್ಲ.

ಕೋಚಿಂಗ್

ಇಲ್ಲಿ ನನ್ನ ಕಹಿ ಸ್ವಲ್ಪ ಕಾಣಿಸಬಹುದು, ಕ್ಷಮಿಸಿ. ನಾನು ಸೇರಿದ್ದ ಒಂದು ಕಡೆ ವಾರಕ್ಕೊಮ್ಮೆ 100 ಪ್ರಶ್ನೆಗಳ ಜೆರಾಕ್ಸ್ ಕೊಡುತ್ತಿದ್ದರು. ಕೀಯಲ್ಲಿ ತಪ್ಪಿರುತ್ತಿತ್ತು. ಕೇಳಿದರೆ "ಕೀಯಲ್ಲಿ ಹಾಗೇ ಇದೆ, ಬರ್ಕೊಳ್ಳಿ" ಅನ್ನುತ್ತಿದ್ದರು. ಮೂರು ತಿಂಗಳು ನಾನು "ಡಿಸ್‌ಇಂಟರೆಸ್ಟೆಡ್" ಅಂದರೆ ಆಸಕ್ತಿ ಇಲ್ಲದವನು ಅಂತಲೇ ಬರೆದುಕೊಂಡೆ. ಪರೀಕ್ಷೆಗಳಲ್ಲಿ ಅದರ ಅರ್ಥ ತನ್ನ ಲಾಭ ನೋಡದ, ಪಕ್ಷಪಾತ ಇಲ್ಲದ ಮನುಷ್ಯ. ಒಬ್ಬ ಜಡ್ಜ್ ಡಿಸ್‌ಇಂಟರೆಸ್ಟೆಡ್ ಆಗಿದ್ದರೆ ಅದು ಹೊಗಳಿಕೆ!

ಹಾಗಂತ ಕೋಚಿಂಗ್ ಎಲ್ಲಾ ವೇಸ್ಟ್ ಅಲ್ಲ. ದಿನಾ ಕೂತು ಓದುವ ಶಿಸ್ತು ಇಲ್ಲದವರಿಗೆ, ಗಣಿತ, ರೀಸನಿಂಗ್ ಕೂಡ ಬೇಕಾದವರಿಗೆ ಸರಿ. ಡೆಮೊ ಕ್ಲಾಸಿಗೆ ಹೋದಾಗ ಒಂದೇ ಒಂದು ಪ್ರಶ್ನೆ ಕೇಳಿ: "ಸಾರ್, ಬಿ ಯಾಕೆ ತಪ್ಪು?" ಉತ್ತರ ವಾಕ್ಯದ ಒಳಗಿನಿಂದ ಬಂದರೆ ಸೇರಿ.

ಆ್ಯಪ್‌ಗಳು

ಆಯ್ಕೆ ಕೊಟ್ಟು ಒತ್ತಿಸುವ ಆ್ಯಪ್‌ಗಳ ಬಗ್ಗೆ ನನಗೆ ಅಷ್ಟಕ್ಕಷ್ಟೆ. ಸರಿ ಒತ್ತಿದರೆ ಹಸಿರು, ಟಿಂಗ್ ಅಂತ ಸದ್ದು. ಒಂದು ಆ್ಯಪ್‌ನಲ್ಲಿ ನನ್ನದು 140 ದಿನದ ಸ್ಟ್ರೀಕ್ ಇತ್ತು. ಅಷ್ಟಾದ ಮೇಲೆ ಒಂದು ದಿನ ಆಯ್ಕೆ ಇಲ್ಲದೆ ಬರೆಯಲು ಕೂತೆ. ಕಲಿತೆ ಅಂದುಕೊಂಡಿದ್ದ ಪದಗಳಲ್ಲಿ ಅರ್ಧದಷ್ಟೂ ಬರಲಿಲ್ಲ. ಮುಖ ನೋಡಿದರೆ ಗುರುತು ಸಿಗುತ್ತದೆ, ಹೆಸರು ಮಾತ್ರ ಬಾಯಿಗೆ ಬರುವುದಿಲ್ಲ, ಮದುವೆ ಮನೆಯಲ್ಲಿ ಆಗುತ್ತದಲ್ಲ ಹಾಗೆ. ಆ್ಯಪ್ ಬಳಸುವುದಾದರೆ ಉತ್ತರವನ್ನು ಟೈಪ್ ಮಾಡಿಸುವ ಸೆಟ್ಟಿಂಗ್ ಇದೆಯಾ ನೋಡಿ. ಇಲ್ಲದಿದ್ದರೆ ಸ್ಕ್ರೀನಿನ ಕೆಳಗಿನ ಅರ್ಧಕ್ಕೆ ಹೆಬ್ಬೆರಳು ಅಡ್ಡ ಇಡಿ.

ಎಐ ಚಾಟ್‌ಬಾಟ್‌ಗಳು ಈಗ ಕೇಳಿದಷ್ಟು ವಾಕ್ಯ ಕಟ್ಟಿಕೊಡುತ್ತವೆ, ದುಡ್ಡೂ ಇಲ್ಲ. ಅಕ್ಕನ ಮಗಳು ಮೊದಲು ಅದನ್ನೇ ನೆಚ್ಚಿಕೊಂಡಿದ್ದಳು. ಆ ವಾಕ್ಯಗಳಲ್ಲಿ ನಾನು ಕಂಡ ತೊಂದರೆ ಎರಡು. ಸುಳಿವನ್ನು ಕನ್ನಡಿಯಷ್ಟು ಸ್ಪಷ್ಟವಾಗಿ ಇಟ್ಟುಬಿಡುತ್ತವೆ, ಅಥವಾ ಎರಡು ಆಯ್ಕೆಗಳು ಸರಿಹೋಗುವ ಹಾಗೆ ಬರೆದು ಒಂದೇ ಸರಿ ಅಂತ ಹಟ ಹಿಡಿಯುತ್ತವೆ. ಆದರೆ ನೀವು ಬರೆದ ವಾಕ್ಯ ತೋರಿಸಿ "ಈ ಪದ ಇಲ್ಲಿ ಸಹಜವಾಗಿ ಕೂರುತ್ತಾ?" ಅಂತ ಕೇಳಿದರೆ ಚೆನ್ನಾಗಿ ಉಪಯೋಗಕ್ಕೆ ಬರುತ್ತವೆ. ಅನುಮಾನ ಬಂದರೆ ಕೇಂಬ್ರಿಜ್ ಅಥವಾ ಆಕ್ಸ್‌ಫರ್ಡ್ ಲರ್ನರ್ಸ್ ನಿಘಂಟಿನ ಸೈಟಿನಲ್ಲಿ ಉದಾಹರಣೆ ವಾಕ್ಯ ನೋಡಿ. ಅದೂ ಉಚಿತ.

ಸ್ವಂತ ಕಾರ್ಡ್: ನಾನು ಕೊನೆಗೆ ಬಂದು ನಿಂತ ಜಾಗ

ಎರಡನೇ ರೋಗಕ್ಕೆ, ಅಂದರೆ ಪದ ಗೊತ್ತಿಲ್ಲದವರಿಗೆ, ಇದಕ್ಕಿಂತ ಒಳ್ಳೇದು ನನಗೆ ಸಿಕ್ಕಿಲ್ಲ. ಆಂಕಿ ಅನ್ನುವ ಪ್ರೋಗ್ರಾಂ ಇದೆ. ಕಂಪ್ಯೂಟರ್‌ಗೂ ಆಂಡ್ರಾಯ್ಡ್ ಫೋನಿಗೂ ಉಚಿತ, ಐಫೋನಿಗೆ ಮಾತ್ರ ದುಡ್ಡು ಕೊಡಬೇಕು. ಅದರಲ್ಲಿ ಕ್ಲೋಜ್ ಅನ್ನುವ ಬಗೆಯ ಕಾರ್ಡ್ ಮಾಡಬಹುದು. ಪೂರ್ತಿ ವಾಕ್ಯ ಹಾಕಿ ಒಂದು ಪದ ಮುಚ್ಚುತ್ತೀರಿ. ಕಾರ್ಡ್ ಎದುರು ಬಂದಾಗ ಆಯ್ಕೆ ಇರುವುದಿಲ್ಲ, ಪದವನ್ನು ತಲೆಯಿಂದಲೇ ತೆಗೆಯಬೇಕು. ಗೊತ್ತಿದ್ದ ಕಾರ್ಡ್ ನಾಲ್ಕು ದಿನ, ಹತ್ತು ದಿನ, ತಿಂಗಳು ಅಂತ ದೂರ ಹೋಗುತ್ತದೆ. ಮರೆತದ್ದು ನಾಳೆಯೇ ವಾಪಸ್ ಬರುತ್ತದೆ. ನೆಟ್ ಬೇಕಾಗಿಲ್ಲ. ನಿಡವಂದ ದಾಟಿದ ಮೇಲೆ ನನ್ನ ಫೋನಿನಲ್ಲಿ ಸಿಗ್ನಲ್ ಬಂದು ಹೋಗಿ ಮಾಡುತ್ತದೆ, ಕಾರ್ಡ್‌ಗಳಿಗೆ ಅದರಿಂದ ಏನೂ ಆಗುವುದಿಲ್ಲ.

ಓದಿದ್ದನ್ನು ಮತ್ತೆ ಓದುವುದಕ್ಕಿಂತ ನೆನಪಿನಿಂದ ಹೊರಗೆ ತೆಗೆಯುವುದು ಯಾಕೆ ಮೇಲು ಅನ್ನುವುದಕ್ಕೆ 2006ರಲ್ಲಿ ಮನಃಶಾಸ್ತ್ರಜ್ಞರಾದ ರೋಡಿಗರ್ ಮತ್ತು ಕಾರ್ಪಿಕ್ ಮಾಡಿದ ಪ್ರಯೋಗ ಇದೆ. ಐದು ನಿಮಿಷ ಬಿಟ್ಟು ಕೇಳಿದಾಗ ಮತ್ತೆ ಮತ್ತೆ ಓದಿದ ವಿದ್ಯಾರ್ಥಿಗಳೇ ಮುಂದಿದ್ದರು. ವಾರ ಬಿಟ್ಟು ಕೇಳಿದಾಗ, ಓದಿ ಆಮೇಲೆ ನೆನಪಿನಿಂದ ಬರೆದವರು ಮುಂದೆ ಬಂದರು. ಪರೀಕ್ಷೆಯ ಹಿಂದಿನ ರಾತ್ರಿ ಪದಪಟ್ಟಿ ಓದಿದಾಗ ಎಲ್ಲಾ ಬರುತ್ತಿದೆ ಅನ್ನಿಸುತ್ತದಲ್ಲ, ಅದು ಆ ಐದು ನಿಮಿಷದ ಮೋಸ.

ಆದರೆ ಬೇರೆಯವರು ಮಾಡಿಟ್ಟ 1000 ಪದದ ಡೆಕ್, ಅಂದರೆ ಕಾರ್ಡ್‌ಗಳ ಕಟ್ಟು, ಇಳಿಸಿಕೊಳ್ಳಬೇಡಿ. ನಾನು ಮಾಡಿ ಕೈಸುಟ್ಟುಕೊಂಡಿದ್ದೇನೆ. ಒಂದು ಕಡೆ ಇಂಗ್ಲಿಷ್ ಪದ, ಇನ್ನೊಂದು ಕಡೆ ಕನ್ನಡ ಅರ್ಥ. ಟ್ಯಾಸಿಟರ್ನ್, ಲ್ಯಾಕೋನಿಕ್, ರೆಟಿಸೆಂಟ್ ಮೂರಕ್ಕೂ "ಮಿತಭಾಷಿ" ಅಂತಿತ್ತು. ಮೂರೂ ಬೇರೆ ಬೇರೆ. ಸ್ವಭಾವದಲ್ಲೇ ಮಾತು ಕಡಿಮೆ ಇದ್ದರೆ ಟ್ಯಾಸಿಟರ್ನ್. ಹೇಳುವುದನ್ನು ಎರಡೇ ಪದದಲ್ಲಿ ಕತ್ತರಿಸಿ ಹೇಳಿದರೆ ಲ್ಯಾಕೋನಿಕ್. ಗೊತ್ತಿದ್ದೂ ಬಾಯಿ ಬಿಡದಿದ್ದರೆ ರೆಟಿಸೆಂಟ್. ಒಂದೊಂದಕ್ಕೂ ಒಂದೊಂದು ವಾಕ್ಯ ಇದ್ದರೆ ಮಾತ್ರ ಈ ಸಂದು ಕಾಣುತ್ತದೆ. ನನ್ನ ರೆಟಿಸೆಂಟ್ ಕಾರ್ಡ್‌ನಲ್ಲಿ ಸಂಬಳ ಎಷ್ಟು ಅಂತ ಕೇಳಿದರೆ ನೀರು ಕುಡಿಯಲು ಎದ್ದುಹೋಗುವ ಒಬ್ಬ ಸಹೋದ್ಯೋಗಿ ಇದ್ದಾನೆ. ಒಮ್ಮೆಯೂ ಮರೆತಿಲ್ಲ.

ಸುಲಭದ ಪದಗಳಿಗೂ ಕಾರ್ಡ್ ಮಾಡಿ, ಕಷ್ಟದವಕ್ಕಿಂತ ಇವೇ ಜಾಸ್ತಿ ಮೋಸ ಮಾಡುತ್ತವೆ. "ಲೋನ್ ಸ್ಯಾಂಕ್ಷನ್ ಆಯ್ತು" ಅಂತ ತುಮಕೂರಿನಲ್ಲಿ ಯಾರನ್ನು ಕೇಳಿದರೂ ಅರ್ಥ ಹೇಳುತ್ತಾರೆ. ಅದೇ ಪದ ಒಂದು ದೇಶ ಇನ್ನೊಂದರ ಮೇಲೆ "ಸ್ಯಾಂಕ್ಷನ್" ಹಾಕಿತು ಅನ್ನುವಾಗ ಶಿಕ್ಷೆ, ನಿರ್ಬಂಧ. ಅಕ್ಕನ ಮಗಳು ಎಡವಿದ್ದು "ಕ್ವಾಲಿಫೈಡ್" ಅನ್ನುವ ಪದದಲ್ಲಿ. "ಹರ್ ಪ್ರೇಸ್ ವಾಸ್ ____, ಶಿ ಲೈಕ್ಡ್ ದ ಆ್ಯಕ್ಟಿಂಗ್ ಬಟ್ ನಾಟ್ ದ ಸ್ಟೋರಿ." ಅವಳು ಕನ್ನಡದಲ್ಲಿ "ಅರ್ಧಂಬರ್ಧ" ಅಂತ ಬರೆದಿದ್ದಳು. ನೂರಕ್ಕೆ ನೂರು ಸರಿ! ಆಮೇಲೆ ಆಯ್ಕೆ ನೋಡಿ "ಕ್ವಾಲಿಫೈಡ್" ಮೇಲೆ ಅಡ್ಡಗೆರೆ ಎಳೆದಳು. ಹೊಗಳಿಕೆ ಡಿಗ್ರಿ ಮಾಡಿರುತ್ತಾ ಮಾವ ಅಂದಳು. ಆದರೆ-ಗಿದರೆ ಸೇರಿಸಿ ಹೇಳಿದ ಹೊಗಳಿಕೆಗೆ ಇಂಗ್ಲಿಷಿನಲ್ಲಿ ಅದೇ ಪದ.

ದಿನಕ್ಕೆ ಐದು ಹೊಸ ಕಾರ್ಡ್‌ಗಿಂತ ಜಾಸ್ತಿ ಬೇಡ. ಎರಡು ತಿಂಗಳಿಗೆ 300 ಆಗುತ್ತವೆ, ಜೊತೆಗೆ ಹಳೆಯವು ದಿನಾ ಬಂದು ನಿಲ್ಲುತ್ತವೆ. ನಾಲ್ಕು ದಿನ ಬಿಟ್ಟರೆ ಬೆಟ್ಟದಷ್ಟು ಬಾಕಿ. ಆಂಕಿ ಬಿಟ್ಟುಹೋಗುವ ಹತ್ತರಲ್ಲಿ ಎಂಟು ಜನ ಬಿಡುವುದು ಈ ಬಾಕಿ ನೋಡಿ ಹೆದರಿಯೇ ಅಂತ ನನ್ನ ಅಂದಾಜು. ಫೋನ್ ಕೈಗೆ ಬಂದರೆ ರೀಲ್ಸ್‌ಗೆ ಜಾರುವವರು ರಟ್ಟು ಕತ್ತರಿಸಿ ಶೂ ಡಬ್ಬದಲ್ಲಿ ಹಾಕಿಕೊಳ್ಳಿ. ಜರ್ಮನ್ ಭಾಷೆಯಲ್ಲಿ ಬರೆಯುತ್ತಿದ್ದ ಸೆಬಾಸ್ಟಿಯನ್ ಲೈಟ್ನರ್ 1970ರ ದಶಕದಲ್ಲಿ ಹೇಳಿಕೊಟ್ಟದ್ದು ಡಬ್ಬದ ಉಪಾಯವನ್ನೇ. ಗೊತ್ತಿದ್ದ ಕಾರ್ಡ್ ಮುಂದಿನ ಖಾನೆಗೆ, ತಪ್ಪಿದ್ದು ಮೊದಲ ಖಾನೆಗೆ.

ಮೂರನೇ ರೋಗಕ್ಕೆ

ಪೇಪರ್. ಬೇರೆ ದಾರಿ ಇಲ್ಲ. ಇಂಗ್ಲಿಷ್ ಪತ್ರಿಕೆಯ ಸಂಪಾದಕೀಯ ಒಂದು ತಗೊಳ್ಳಿ. ಗೆಳೆಯ ಅಥವಾ ಗೆಳತಿ ಅದರಲ್ಲಿ ಎಂಟು ಪದಗಳನ್ನು ವೈಟ್ನರ್‌ನಿಂದ ಅಳಿಸಿ ಕೊಡಲಿ, ನೀವು ಇನ್ನೊಂದರಲ್ಲಿ ಅಳಿಸಿ ಕೊಡಿ. ಲೈಬ್ರರಿ ಪೇಪರ್ ಮೇಲೆ ಮಾಡಬೇಡಿ, ಬೈಗುಳ ತಿನ್ನುತ್ತೀರಿ. ನೀವು ತುಂಬಿದ ಪದಕ್ಕೂ ಮೂಲ ಪದಕ್ಕೂ ಅರ್ಥ ಒಂದೇ ಇದ್ದು ಪದ ಬೇರೆ ಬಂದರೆ, ಅಲ್ಲೇ ನಿಲ್ಲಿ. ಅವರು ಯಾಕೆ ಅದನ್ನೇ ಹಾಕಿದರು ಅಂತ ಇಬ್ಬರೂ ಕೂತು ಜಗಳ ಆಡಿ. ಇದು ನಿಧಾನದ ಕೆಲಸ. ಪರೀಕ್ಷೆಗೆ ಒಂದೇ ತಿಂಗಳು ಉಳಿದಿದ್ದರೆ ಇದಕ್ಕೆ ಕೈ ಹಾಕಬೇಡಿ, ಕಾರ್ಡ್ ಮತ್ತು ಹಳೇ ಪ್ರಶ್ನೆಗಳಲ್ಲೇ ಇರಿ.

ಹುಡುಗ ಈಗ ಒಂದು ಹಳೇ ಎಸ್‌ಎಟಿ ಪುಸ್ತಕ ಮತ್ತು ಬ್ಯಾಂಕಿನ ಹಳೇ ಪ್ರಶ್ನೆಗಳನ್ನು ಇಟ್ಟುಕೊಂಡಿದ್ದಾನೆ. ಆಯ್ಕೆ ಮುಚ್ಚಲು ಮದುವೆ ಕರೆಯೋಲೆಯ ರಟ್ಟು. ಕೋಚಿಂಗ್ ಇಂಗ್ಲಿಷಿಗೆ ಬೇಡ, ಗಣಿತಕ್ಕೆ ಮಾತ್ರ ಅಂತ ತೀರ್ಮಾನ ಮಾಡಿದ. ಅಕ್ಕನ ಮಗಳು ಆಂಕಿ ಹಾಕಿಕೊಂಡಿದ್ದಾಳೆ, ಭಾನುವಾರ ಗೆಳತಿಯ ಜೊತೆ ಸಂಪಾದಕೀಯ. ಮೊನ್ನೆ ಬೆಳಿಗ್ಗೆ ರೈಲು ಹಿರೇಹಳ್ಳಿಯಲ್ಲಿ ನಿಂತಿದ್ದಾಗ ಅವಳ ಮೆಸೇಜ್ ಬಂತು. "ಮೈ ಅಂಕಲ್ ಈಸ್ ಸೋ ____ ದಟ್ ಹಿ ವೇಟ್ಸ್ ಫಾರ್ ದ ಪ್ಯಾಸೆಂಜರ್ ಟ್ರೇನ್ ಈವನ್ ವೆನ್ ಹಿ ಈಸ್ ಲೇಟ್." ಆಯ್ಕೆ ಇಲ್ಲ. ಕನ್ನಡ ಪದ ತಕ್ಷಣ ಬಂತು, ಜಿಪುಣ. ಇಂಗ್ಲಿಷಿನಲ್ಲಿ ನಾನು "ಫ್ರೂಗಲ್" ಅಂತ ಕಳಿಸಿದೆ, ಅದು ಹೊಗಳಿಕೆ, ದುಡ್ಡನ್ನು ಹಿಡಿದು ಖರ್ಚು ಮಾಡುವವನು. ದಾಬಸ್‌ಪೇಟೆ ಬರುವ ಹೊತ್ತಿಗೆ ಉತ್ತರ ಬಂತು. "ತಪ್ಪು. ಮೈಸರ್ಲಿ. ಈವನ್ ವೆನ್ ಹಿ ಈಸ್ ಲೇಟ್ ಅಂತ ಸುಳಿವು ಕೊಟ್ಟಿದ್ದೀನಲ್ಲ ಮಾವ."